ದಾಳಿಂಬೆ ಸಿಪ್ಪೆಯ ಕುರ್ಚಿ

ದಸ್ತಗೀರ್ ಮಾಮಾ ಕುರ್ಚಿಯ ಹತ್ತಿರ ಬಂದರು... ಗುರುಬಾಯಿ ಅದನ್ನು ಅವರತ್ತ ತಿರುಗಿಸಿ ಇಟ್ಟಳು.

ವಿಜಯಪುರದ ಹೊರವಲಯದಲ್ಲಿ ಅವಳದೊಂದು ಪುಟ್ಟ ಪ್ಲಾಸ್ಟಿಕ್ ಕುರ್ಚಿ ಫ್ಯಾಕ್ಟರಿ. ಮದುವೆಗಳಿಗೆ ಶಾಮಿಯಾನ, ಕುರ್ಚಿ ಬಾಡಿಗೆ ಕೊಡುವ ಮಾಮಾ ಈ ಸಲ ಅವಳ ಕುರ್ಚಿ ಕೊಳ್ಳಲು ಒಪ್ಪದಿದ್ದರೆ ಫ್ಯಾಕ್ಟರಿಗೆ ಬೀಗವೇ ಗತಿ.

ಅವಳ ಹಳೆಯ ಕುರ್ಚಿಗಳು ಒಂದೇ ಬೇಸಿಗೆಯ ಬಿಸಿಲಿಗೆ ಹಪ್ಪಳದಂತೆ ಮುರಿಯುತ್ತಿದ್ದವು.

ಜ್ಯೂಸ್ ಅಂಗಡಿಯವರು ಎಸೆಯುವ ದಾಳಿಂಬೆ ಸಿಪ್ಪೆಯಲ್ಲಿ ಪ್ಲಾಸ್ಟಿಕ್ ಬೇಗ ಮುಪ್ಪಾಗದಂತೆ ಕಾಯುವ ಆಂಟಿಆಕ್ಸಿಡೆಂಟ್ ಇದೆ ಎಂದು ಕಾಲೇಜಿನ ಮೇಡಂ ಒಬ್ಬರು ಹೇಳಿಕೊಟ್ಟಿದ್ದರು.

ಸಿಪ್ಪೆ ಒಣಗಿಸಿ, ಪುಡಿ ಮಾಡಿ, ಪ್ಲಾಸ್ಟಿಕ್ಕಿಗೆ ಬೆರೆಸಿ ಮಾಡಿದ ಕುರ್ಚಿ... ಇಡೀ ಬೇಸಿಗೆ ಫ್ಯಾಕ್ಟರಿಯ ತಗಡಿನ ಮಾಡಿನ ಮೇಲೆ ಬಿಸಿಲುಂಡು ಇಂದು ಕೆಳಗಿಳಿದಿತ್ತು.

"ಏನ್ ಬಾಯಾರ, ಇದು ಕುರ್ಚಿನೋ, ಚಾದಾಗ ಅದ್ದಿದ ಟೋಸ್ಟೋ?" ಅದರ ಕಂದು ಬಣ್ಣ ನೋಡಿ ಮಾಮಾ ನಕ್ಕರು.

ಅವಳೂ ನಕ್ಕು, ಸೆರಗಿನಿಂದ ಧೂಳು ಒರೆಸಿದಳು. ಹಿಂಗಾಲಿನ ಬುಡದಲ್ಲಿ ಬೆರಳು ನಿಂತಿತು.

ಕೂದಲೆಳೆಯಷ್ಟು ಸೀಳು...

ಅವಳಿಗೆ ತಕ್ಷಣ ಹೊಳೆಯಿತು. ಒಳ್ಳೆಯದಲ್ಲವೇ, ಇನ್ನಷ್ಟು ಇರಲಿ ಎಂದು ಮೇಡಂ ಹೇಳಿದ್ದಕ್ಕಿಂತ ಹೆಚ್ಚು ಪುಡಿ ಸುರಿದಿದ್ದಳು. ಪುಡಿ ಅತಿಯಾಗಿ ಪ್ಲಾಸ್ಟಿಕ್‌ನ ಹಿಡಿತವೇ ತಪ್ಪಿತ್ತು!

ಪಕ್ಕದಲ್ಲಿದ್ದ ಮಷಿನ್ ಆಪರೇಟರ್ ಸಿದ್ರಾಮಪ್ಪನೂ ಅದನ್ನು ನೋಡಿದ. ಮೆಲ್ಲಗೆ ಹೇಳಿದ, "ಸುಮ್ಕಿರ್ರಿ ಅಕ್ಕಾರ... ಒಮ್ಮಿ ಕುಂತರ ಏನೂ ಆಗೂದಿಲ್ಲ."

ಮಾಮಾ ಕೈಹಿಡಿಯನ್ನು ಒತ್ತಿ ನೋಡಿದರು. "ಗಟ್ಟಿ ಐತಿ! ಬಣ್ಣ ಹೆಂಗರ ಇರಲಿ, ಆರ್ಡರ್ ನಿಮ್ದ."

ಹೇಳುತ್ತಲೇ ಲುಂಗಿ ಸರಿಪಡಿಸಿಕೊಂಡು ಕೂರಲು ಬಗ್ಗಿದರು...

"ಕೂಡಬ್ಯಾಡ್ರಿ ಮಾಮಾ!"

ಕುರ್ಚಿಯನ್ನು ಸರಕ್ಕನೆ ಎಳೆದು, ತಲೆಕೆಳಗು ಮಾಡಿ ತೋರಿಸಿದಳು.

"ತಪ್ಪು ಸಿಪ್ಪೀದಲ್ಲ, ನಂದು. ಆಸೆಬಿದ್ದು ಪುಡಿ ಜಾಸ್ತಿ ಹಾಕೀನಿ. ಆರ್ಡರ್ ಬ್ಯಾಡ್ರಿ..."

ಸಿದ್ರಾಮಪ್ಪ ತಲೆ ಚಚ್ಚಿಕೊಂಡ. ಮಾಮಾ ಸೀಳಿನ ಮೇಲೆ ಬೆರಳಾಡಿಸುತ್ತಲೇ ಇದ್ದರು...

"ತಮ್ಮ ಮಾಲು ಹೊಗಳಾವ್ರನ್ನ ಭಾಳ ಮಂದಿ ನೋಡೀನವ್ವ. ಅದರ ಸೀಳು ತಾನ ತೋರ್ಸಿದಾಕಿ ನೀ ಒಬ್ಬಾಕಿನ."

ಅವರು ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿ ಅವಳತ್ತ ತಿರುಗಿದರು.

"ಅಳತಿ ಸರಿ ಮಾಡಿ ಇನ್ನೊಂದು ಬ್ಯಾಸಗಿ ನೋಡು. ಕುರ್ಚಿ ನಿನ್ನ ಕಡೆನ ತಗೋತೀನಿ. ಅಲ್ಲೀತನಕ ನನ್ನ ಅಡಗಿ ಪೆಂಡಾಲಿಗೆ ಬಕೆಟ್, ಟಬ್ ಮಾಡಿಕೊಡು. ಅವು ಬಿಸಿಲಿಗೆ ಬರೂದಿಲ್ಲ. ಬೀಗ ಮಾತ್ರ ಹಾಕಬ್ಯಾಡ ಮಗಳ..."

ಗುರುಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

*ಮಾಲು ಸೀಳಿದರೆ ಮತ್ತೆ ಕರಗಿಸಿ ಮಾಡಬಹುದು... ನಂಬಿಕೆ ಸೀಳಿದರೆ ಅದನ್ನು ಎರೆಯುವ ಅಚ್ಚು ಯಾವ ಫ್ಯಾಕ್ಟರಿಯಲ್ಲೂ ಇಲ್ಲ.*

ನಾವು ಇಂದು ಮುಚ್ಚಿಟ್ಟ ಸೀಳಿನ ಮೇಲೆ ನಾಳೆ ಯಾರ ಮನೆಯ ಹಿರಿಯರು ಬಂದು ಕೂರುತ್ತಾರೋ... ಯೋಚಿಸಿದ್ದೀರಾ?