ರೆಕ್ಕೆಯ ಮೀನು

"ಅಮ್ಮ ಸಾಯೋ ಕಥೆ ನಿಂಗೆ ಯಾವತ್ತೂ ತರಲ್ಲ ಮಗಳೇ" ಎಂದು ಓಮನ ಅನಘಳಿಗೆ ಮಾತು ಕೊಟ್ಟದ್ದು ಎರಡು ವರ್ಷದ ಹಿಂದೆ, ಆ ಹುಡುಗಿಯ ತಾಯಿ ತೀರಿಕೊಂಡ ಹೊಸತರಲ್ಲಿ. ಊರಿನ ವಾಚನಾಲಯದಿಂದ ಮನೆಮನೆಗೆ ಪುಸ್ತಕ ಹೊರುವ ಕೆಲಸ ಓಮನಳದು. ಅಂದಿನಿಂದ ಮಾಯಾಲೋಕದ ಕಾದಂಬರಿ ಯಾವುದಿದ್ದರೂ ತಾನು ಕೊನೆಯವರೆಗೆ ಓದಿಯೇ ಅನಘಳಿಗೆ ಒಯ್ಯುತ್ತಿದ್ದಳು. ಕಳೆದ ವಾರ ಮಾತ್ರ ತನ್ನ ಮಗುವಿನ ಜ್ವರದ ಗಡಿಬಿಡಿಯಲ್ಲಿ, ರಕ್ಷಾಪುಟದ ರೆಕ್ಕೆಯ ಮೀನನ್ನಷ್ಟೇ ನೋಡಿ, "ಇದು ನಿಂಗೆ ಹೇಳಿ ಮಾಡಿಸಿದ್ದು" ಎಂದು ಕೊಟ್ಟುಬಿಟ್ಟಿದ್ದಳು.

ಈಗ ಐದನೇ ಕ್ಲಾಸಿನ ಅನಘ ಜಗಲಿಯಲ್ಲಿ ನಿಂತು ಆ ಪುಸ್ತಕವನ್ನು ಹಿಂದಕ್ಕೆ ಕೊಟ್ಟಳು. ಓದು ನಿಲ್ಲಿಸಿದ ಪುಟಕ್ಕೆ ಗುರುತಾಗಿ ಇಟ್ಟ ಕೋಳಿಗರಿಯೊಂದು ನಡುವಿನಿಂದ ಇಣುಕುತ್ತಿತ್ತು.

"ಪೂರ್ತಿ ಓದ್ಲಿಲ್ವಾ?"

"ಮೀನು ಸಿಕ್ಕಾಪಟ್ಟೆ ಹಾರತ್ತೆ ಚೇಚಿ, ನಂಗೇ ತಲೆ ಸುತ್ತು ಬಂತು" ಎಂದು ಅನಘ ನಕ್ಕಳು. ಓಮನ ಅವಳಿಗೆ ಚೇಚಿ, ಅಂದರೆ ಅಕ್ಕ. "ಪಾಪುಗೆ ಜ್ವರ ಬಿಡ್ತಾ?"

ಓಮನ ಗರಿಯಿದ್ದ ಪುಟ ತೆರೆದಳು. ಅಲ್ಲಿ ತಾಯಿಮೀನು ಮರಿಯನ್ನು ಬಲೆಯಿಂದಾಚೆ ತಳ್ಳಿ ಪ್ರಾಣ ಬಿಟ್ಟಿತ್ತು.

"ನಾನು ಓದಿರ್ಲಿಲ್ಲ ಕಣೇ" ಎಂದಳು, ತಲೆಯೆತ್ತದೆ.

"ಗೊತ್ತು ಚೇಚಿ. ಓದಿದ್ರೆ ನೀವು ತರ್ತಿರ್ಲಿಲ್ಲ."

ಓಮನ ಕೊಟ್ಟ ಮಾತಿಗೆ ತಪ್ಪಿದ್ದಳು.