ಗಾಜಿನ ಕೋಣೆಯ ಮಾತು

ರಾಜಾರಾಮ ಗಾಜಿನ ಕೋಣೆಯ ಜಮಖಾನೆ ಎತ್ತಿ ನೋಡಿದ. ಗೋಡೆಗೆ ಬಡಿದಿದ್ದ ಗೋಣಿತಟ್ಟು ಸರಿಸಿ ನೋಡಿದ. ಬಚ್ಚಿಟ್ಟ ಮೈಕು ಎಲ್ಲಿಯೂ ಸಿಗಲಿಲ್ಲ. ಆದರೆ ಮೈಕು ಇರಲೇಬೇಕು. ಇಲ್ಲದಿದ್ದರೆ ಬಾಗಿಲು ಮುಚ್ಚಿಕೊಂಡು ಒಳಗೆ ಪಿಸುಗುಟ್ಟಿದ್ದು ಹೊರಗೆ ಕೂತ ಭೂಪಾಲನಿಗೆ ಹೇಗೆ ತಿಳಿಯುತ್ತದೆ?

ಅದು ೧೯೯೩. ಮುಂಬೈಯ ರಾಕ್ ಬ್ಯಾಂಡುಗಳಲ್ಲಿ ಬೇಸ್ ಗಿಟಾರ್ ನುಡಿಸಿ, ಆಮೇಲೆ ಅವರ ಕ್ಯಾಸೆಟ್ಟುಗಳನ್ನೂ ತಯಾರಿಸಿ ಹೆಸರು ಮಾಡಿದ್ದ ಭೂಪಾಲ, ಅದೇನು ತಲೆ ಕೆಟ್ಟಿತೋ, ಎಲ್ಲ ಬಿಟ್ಟು ಬೋರಗಾಂವಕ್ಕೆ ಮರಳಿದ್ದ. ತಾನು ಆಡಿ ಬೆಳೆದ ಅಪ್ಪನ ಪವರ್‌ಲೂಮ್ ಶೆಡ್ಡನ್ನೇ ಸ್ಟುಡಿಯೋ ಮಾಡಿಕೊಂಡಿದ್ದ. ಅವನ ಹೆಸರಿದ್ದರೆ ಕಂಪನಿಯವರು ಕಣ್ಣು ಮುಚ್ಚಿ ಕ್ಯಾಸೆಟ್ ತೆಗೆದುಕೊಳ್ಳುತ್ತಾರೆಂದೇ ನಿಪ್ಪಾಣಿಯ ರಾಜಾರಾಮ ತನ್ನ ಹಾಡುಗಳೊಂದಿಗೆ ಇಲ್ಲಿಗೆ ಬಂದದ್ದು. ಹಿಂದೊಮ್ಮೆ ಯಾರೋ ಅವನ ಹಾಡು ಕದ್ದು ಬೇರೆಯವರಿಂದ ಹಾಡಿಸಿದ್ದರು. ಈ ಹಾಡುಗಳೂ ಕೈಬಿಟ್ಟರೆ ತಂಬಾಕಿನ ವಖಾರಿಯಲ್ಲಿ ಮೂಟೆ ಹೊರುವುದೇ ಗತಿ.

ಅವನ ಅನುಮಾನವೆಲ್ಲ ಭೂಪಾಲನ ಹೆಂಡತಿ ಸುಗಂಧಾಳ ಮೇಲೆ. ಕ್ಯಾಸೆಟ್ಟುಗಳ ಮೇಲೆ ಹೆಸರು ಬರೆಯಲು ಕೂತವಳ ಕಿವಿಯಿಂದ ಹೆಡ್‌ಫೋನ್ ಇಳಿಯುತ್ತಲೇ ಇರಲಿಲ್ಲ. ಭೂಪಾಲ ಬರಿಗಾಲನ್ನು ನೆಲಕ್ಕೂರಿ ಗಾಜಿನಾಚೆ ಕೂತು, ಒಳಗಿನವರನ್ನು ದಿಟ್ಟಿಸುತ್ತಿದ್ದ. ಆಗಾಗ ಹೆಂಡತಿಯ ಮುಖ ನೋಡಿ, ಇನ್ನೊಮ್ಮೆ ಹಾಡು ಎಂದು ಕೈಸನ್ನೆ ಮಾಡುತ್ತಿದ್ದ. ಗಂಡ ಹೆಂಡತಿ ಕೂಡಿ ಏನೋ ಹೂಡಿದ್ದಾರೆ.

ಮೊನ್ನೆ ಪರೀಕ್ಷೆ ಮಾಡಿಯೇ ಬಿಡೋಣವೆಂದು ರಾಜಾರಾಮ ಹಾಡುವ ಮೈಕು ಬಂದ್ ಮಾಡಿ, ಗಾಜಿಗೆ ಬೆನ್ನು ಮಾಡಿ, ಡ್ರಮ್ ಬಾರಿಸುವ ಮಾಳಸಿದ್ದನಿಗೆ ಒಂದು ಸುಳ್ಳು ಉಸುರಿದ: ಟೇಪು ಎತ್ತಿಕೊಂಡು ಮಿರಜಿಗೆ ಹೋಗಿಬಿಡೋಣ. ಏನೂ ಆಗಲಿಲ್ಲ. ಮರುದಿನ ಮೈಕು ಬಂದ್ ಇದ್ದಾಗಲೇ ಗಾಜಿನ ಕಡೆ ತಿರುಗಿ ಅದನ್ನೇ ಪಿಸುಗುಟ್ಟಿದ. ಸಂಜೆ ಭೂಪಾಲ ಹತ್ತಿರ ಬಂದ.

“ಮಿರಜಿಗಿ ಹೋಗಾಂವ ಇದ್ರ ಹೋಗಪಾ. ಕೆಲಸ ಮುಗಿಸ್ಕೊಂಡ ಹೋಗು.”

ಮೈಕು ಗಾಜಿನ ಪಕ್ಕದಲ್ಲೇ ಇದೆಯೆಂದು ರಾಜಾರಾಮನಿಗೆ ಖಾತ್ರಿಯಾಯಿತು. ಇವತ್ತಿನ ಈ ಹುಡುಕಾಟ ಅದಕ್ಕೇ.

ಏನೂ ಸಿಗದೆ ರೇಗಿ ಹೊರಬಂದ. ಭೂಪಾಲ ಬಾಗಿಲಿಗೆ ಬೆನ್ನು ಹಾಕಿ, ಗಿಟಾರನ್ನು ಎದೆಗೊತ್ತಿಕೊಂಡು ದಪ್ಪ ತಂತಿ ಮೀಟುತ್ತಿದ್ದ. ರಾಜಾರಾಮ ಬಾಯಿಗೆ ಬಂದಂತೆ ಬೈದ. ಹಾಡುಗಳ್ಳ ಎಂದ. ಆ ಮನುಷ್ಯ ತಿರುಗಿಯೂ ನೋಡಲಿಲ್ಲ. ಅಷ್ಟು ಸೊಕ್ಕು. ರಾಜಾರಾಮ ಟೇಪಿಗೆ ಕೈ ಹಾಕಿದ. ಸುಗಂಧಾ ಅಡ್ಡ ಬಂದಳು.

“ಪಿಸುಮಾತೂ ಕದ್ದ ಕೇಳತೀರಿ, ವೈನಿ. ಇಷ್ಟ ಒದರಿದ್ರೂ ಅವ್ರಿಗಿ ಈಗ ಕೇಳಸವಲ್ತೇನ್ರಿ?”

ಸುಗಂಧಾ ಗಂಡನ ಬೆನ್ನನ್ನೊಮ್ಮೆ ನೋಡಿ ದನಿ ತಗ್ಗಿಸಿದಳು. ಯಾರಿಗೂ ಹೇಳಬಾರದೆಂದು ಮೊದಲೇ ಕೈ ಮುಗಿದಳು.

“ಮುಂಬೈದಾಗ ಇದ್ದಾಗನ ಅವರ ಕಿವಿ ಪೂರಾ ಹೋಗ್ಯಾವ್ರಿ, ಮಗ್ಗದ ಸಪ್ಪಳದಾಗ ಬೆಳದವರು, ಸಣ್ಣಂದಿನಿಂದನ ಮಾತು ತುಟಿ ನೋಡಿ ತಿಳ್ಕೋತಾರ, ಆದ್ರ ಇಲ್ಲಿ ಆದ ಕ್ಯಾಸೆಟ್ ಎಲ್ಲಾ ಮಾಡಿದಾಕಿ ನಾನ.”