ಬಿಸಿನೀರು ಎಂದು ಬರೆಸಿದ್ದು

ಈಗಲಾದರೂ ಹೇಳಿಬಿಡಲೇ? ಮಗಳ ತೊಡೆಯ ಬ್ಯಾಂಡೇಜನ್ನು ನರ್ಸ್ ಬಿಚ್ಚುವಾಗ ದಾಸಪ್ಪ ಹಲ್ಲು ಕಚ್ಚಿ ನಿಂತಿದ್ದ. ಇಪ್ಪತ್ತೆರಡು ದಿನವಾದರೂ ಅರ್ಪಿತಾಳ ಸುಟ್ಟಗಾಯ ಹಸಿಯಾಗಿಯೇ ಇತ್ತು.

"ಸ್ನಾನದ ಬಿಸಿನೀರು ಅಂತ ಬರೆಸಿದ್ದೀರಿ," ಡಾಕ್ಟರು ಗದರಿದರು. "ನೀರು ಬಿದ್ರೆ ಹರಿದು ಹೋಗುತ್ತೆ. ಇದು ಅಂಟಿಕೊಂಡು ಸುಟ್ಟಿದೆ. ಮೊದಲೇ ಹೇಳಿದ್ರೆ ಇಷ್ಟು ದಿನ ಆಗ್ತಿರಲಿಲ್ಲ. ಏನು ಬಿತ್ತು, ಹೇಳ್ರಿ!"

"ನೀರೇ ಸಾರ್," ಎಂದವನು ಹೆಂಡತಿಯ ಮೇಲೆ ಹರಿಹಾಯ್ದ. "ಬಕೆಟ್ ಹತ್ರ ಮಗೀನ ಬಿಟ್ಟು ಎಲ್ಲಿ ಸತ್ತಿದ್ದೆ?"

"ಸಂತೇಬೆನ್ನೂರಾಗೆ, ನಮ್ಮವ್ವನ ಮನ್ಯಾಗೆ ಸತ್ತಿದ್ದೆ," ಎಂದಳು ಪವಿತ್ರ, ಅವನಿಂದ ಕಣ್ಣು ಕೀಳದೆ. "ನೀನು ಅವತ್ತು ಇವಳನ್ನ ಎಲ್ಲಿಗೆ ಕರ್ಕಂಡು ಹೋಗಿದ್ದೆ?"

ಡಾಕ್ಟರು ಪೆನ್ನು ಹಿಡಿದು ಕಾದರು.

ಅಡಿಕೆ ಬೇಯಿಸುವ ಹಂಡೆಗೆ ಉರಿ ಹಾಕಲು ತಾನೇ ಮಗಳನ್ನು ಕೂರಿಸಿದ್ದನ್ನು, ಅವಳ ಮೇಲೆ ಉಕ್ಕಿದ್ದು ಅಡಿಕೆ ಬೆಂದ ಕುದಿಯುವ ಗಟ್ಟಿ ರಸ, ಚೊಗರು ಎಂಬುದನ್ನು ದಾಸಪ್ಪ ಹೇಳಲೇ ಇಲ್ಲ.